ಮಾವನ ಮೀನಿಗೆ ಅಳಿಯನ ಮದ್ದು

ಮೀನಿನ ಕೆನ್ನೆಯ ಮೇಲೆ ನಾಲ್ಕಾರು ಬಿಳಿ ಚುಕ್ಕೆ ಎದ್ದಿದ್ದವು. ಸಾಸಿವೆ ಕಾಳಿಗಿಂತ ಸಣ್ಣವು. ಮೀನಿಗೆ ಅದರ ಪರಿವೆಯೇ ಇದ್ದಂತಿರಲಿಲ್ಲ. ಬಾಲ ಬೀಸಿಕೊಂಡು ತೊಟ್ಟಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡಿಕೊಂಡಿತ್ತು. ಎದೆ ಧಸಕ್ಕೆಂದದ್ದು ಗಾಜಿನ ಈಚೆ, ಕೈಯಲ್ಲಿ ಮೀನಿನ ಆಹಾರದ ಡಬ್ಬಿ ಹಿಡಿದು ನಿಂತಿದ್ದ ಅಳಿಯನಿಗೆ.

ಗಾಜಿನ ತೊಟ್ಟಿ ಮಾವನದು. ಒಳಗಿದ್ದ ಐದು ಚಿನ್ನದ ಬಣ್ಣದ ಮೀನುಗಳೂ ಮಾವನವು. ಗಾಜಿಗೆ ಅಂಟಿಕೊಂಡು ದಿನವಿಡೀ ಪಾಚಿ ನೆಕ್ಕುತ್ತಿದ್ದ ಬಸವನಹುಳುವೂ ಮಾವನದೇ. ತಲೆ ಎತ್ತದೆ ಕೆಲಸ ಮಾಡುತ್ತದೆಂದು ಅವರು ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಿದ್ದರು. ಮಾವ ಹಿಂದಿನ ದಿನ ಒಂದು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅತ್ತೆಯ ಜೊತೆ ಪಕ್ಕದ ಊರಿನ ಆಸ್ಪತ್ರೆಗೆ ಹೋಗಿದ್ದರು. ಇವತ್ತು ಸಂಜೆ ವಾಪಸು.

ಮಾವ ಸಾಮಾನ್ಯರಲ್ಲ. ಆಯುಷ್ಯವೆಲ್ಲ ಕೈಗಡಿಯಾರ ರಿಪೇರಿ ಮಾಡಿದವರು, ಕೂದಲಿನಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸಿದವರು. ‘ಸುಮಾರು’ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಮೈ ಉರಿಯುತ್ತಿತ್ತು. ಅಳಿಯನೋ, ಪೇಂಟ್ ಅಂಗಡಿಯಲ್ಲಿ ಬಣ್ಣ ಕಲೆಸುವವನು. ಗಿರಾಕಿ ತಂದ ಹಳೇ ಪರದೆಯ ತುಂಡು ನೋಡಿ ಅದೇ ಬಣ್ಣವನ್ನು ಕಣ್ಣಳತೆಯಲ್ಲಿ ಕಲೆಸಿಕೊಡುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಆದರೆ ಕಣ್ಣಳತೆ ಎಂದರೆ ಮಾವನ ಲೆಕ್ಕದಲ್ಲಿ ಸುಮಾರು ಎಂದೇ ಅರ್ಥ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರು ಅವನನ್ನು “ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ” ಎಂದು, ಬ್ಯಾಂಕಿನವರು ಮನೆಗೆ ಬಂದ ಹಾಗೆ ಮಾತಾಡಿಸುತ್ತಿದ್ದರು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಅವನನ್ನು ಕೂರಿಸಿ, ತಾವೇ ಮಂಜುಗಣ್ಣಿನಲ್ಲಿ ಸ್ಟೂಲು ಹತ್ತುತ್ತಿದ್ದರು. ಆ ಮರ್ಯಾದೆಯೇ ಅವನಿಗೆ ಮೊಳೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಅಂಥವರು ಆಸ್ಪತ್ರೆಗೆ ಹೊರಡುವಾಗ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, “ಮೀನು ನೋಡ್ಕೊಳ್ಳಿ” ಎಂದಿದ್ದರು. ಅಷ್ಟೇ. ಅವನು ಆ ಎರಡು ಪದಗಳನ್ನು ಜೋಪಾನವಾಗಿ ಮನೆಗೆ ಒಯ್ದು ಹೆಂಡತಿಗೆ ಮತ್ತೆ ಮತ್ತೆ ಹೇಳಿದ್ದ. “ಆಯ್ತು ರೀ, ಮೀನು ತಾನೆ, ಆನೆ ಅಲ್ವಲ್ಲ” ಎಂದು ಅವಳು ನಕ್ಕಿದ್ದಳು. ಆದರೆ ಅವನಿಗೆ ಗೊತ್ತಿತ್ತು, ಇಷ್ಟು ವರ್ಷದಲ್ಲಿ ಮಾವ ಅವನನ್ನು ನಂಬಿ ಕೊಟ್ಟದ್ದು ಇದೊಂದೇ. ಮಗಳನ್ನು ಕೊಟ್ಟದ್ದೂ ನಂಬಿ ಅಲ್ಲ, ಮಗಳ ಹಠಕ್ಕೆ.

ಈಗ ನೋಡಿದರೆ ಚುಕ್ಕೆ.

ಬಾಗಿಲು ತೆರೆದಿದ್ದದ್ದೇ ತಪ್ಪಾಯಿತು. ಮಾವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ಕಾಂಪೌಂಡರ್ ಕೆಳಗಿಳಿದು ಬಂದರು. ಬೀದಿಯಲ್ಲಿ ಯಾರು ಸೀನಿದರೂ ಕಾರಣ ಹೇಳಬಲ್ಲವರು ಅವರು. ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ ತೊಟ್ಟಿಯನ್ನು ನೋಡಿದರು.

“ಬಿಳಿ ಚುಕ್ಕೆ ರೋಗ. ಒಂದಕ್ಕೆ ಬಂದ್ರೆ ಎಲ್ಲಕ್ಕೂ ಬಂದ ಹಾಗೇನೇ. ಸಂಜೆ ಹೊತ್ತಿಗೆ ಐದೂ ಅಂಗಾತ.”

“ನೀವು ಮೀನು ಸಾಕಿದ್ರಾ ಸಾರ್?”

“ಮನುಷ್ಯರಿಗೇ ಔಷಧಿ ಕೊಟ್ಟವನು ಕಣಯ್ಯಾ ನಾನು. ಮೀನು ಯಾವ ಲೆಕ್ಕ?”

ಅಳಿಯ ಮೀನಿನ ಅಂಗಡಿಗೆ ಓಡಿದ. ಅಂಗಡಿಯವನು ಫೋನಿನಿಂದ ತಲೆಯೆತ್ತದೆ ಒಂದು ನೀಲಿ ಔಷಧಿಯ ಬಾಟಲಿ ಮುಂದೆ ತಳ್ಳಿ, “ನೀರು ತೆಳು ನೀಲಿ ಆಗೋ ಅಷ್ಟು ಹಾಕಿ, ಸಾಕು” ಎಂದ.

ಬೇರೆ ಯಾರೇ ಆಗಿದ್ದರೂ ಈ ಮಾತು ಸಾಕಾಗುತ್ತಿತ್ತು. ಆದರೆ ಇವನ ಅಂಗಡಿಯಲ್ಲಿ ತೆಳು ನೀಲಿಯೇ ಒಂದು ಡಜನ್ ಇದ್ದವು. ಮಕ್ಕಳ ಕೋಣೆಗೆ ಬಳಿಯುವುದು ಒಂದು, ಆಸ್ಪತ್ರೆಯ ಗೋಡೆಗೆ ಒಂದು, ಬಚ್ಚಲಿಗೆ ಇನ್ನೊಂದು. ರೋಗದ ವಿಷಯವಾದ್ದರಿಂದ ಆಸ್ಪತ್ರೆಯ ಗೋಡೆಯೇ ಸರಿ ಎಂದು ತೀರ್ಮಾನಿಸಿ ಹನಿ ಹನಿ ಬಿಟ್ಟು ಕಲೆಸಿದ. ಬಣ್ಣ ಕೂಡಿಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಸುಬು ಕೈ ಬಿಡಬೇಕಲ್ಲ! ಡಿಸ್ಟೆಂಪರ್ ಹಸಿಯಿದ್ದಾಗ ಗಾಢವಾಗಿ ಕಂಡು, ಒಣಗಿದ ಮೇಲೆ ಒಂದು ಮೆಟ್ಟಿಲು ಇಳಿಯುತ್ತದೆ. ಅನುಭವಸ್ಥರು ಅದಕ್ಕೆಂದೇ ಯಾವಾಗಲೂ ಒಂದು ಮೆಟ್ಟಿಲು ಏರಿಸಿಯೇ ಕಲೆಸುತ್ತಾರೆ. ಅವನೂ ಏರಿಸಿದ. ತೊಟ್ಟಿಯ ನೀರು ಒಣಗುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ.

ಪೇಂಟ್ ಅಂಗಡಿಯ ಯಜಮಾನರಿಗೆ ಫೋನು ಮಾಡಿ, ಇವತ್ತು ಬರುವುದು ತಡವಾಗುತ್ತದೆ, ಮಾವನ ಮೀನಿಗೆ ಹುಷಾರಿಲ್ಲ ಎಂದ. ಬೈಗುಳ ನಿರೀಕ್ಷಿಸಿದ್ದವನಿಗೆ ಸಲಹೆ ಸಿಕ್ಕಿತು.

“ನಮ್ಮನೇಲೂ ಮೀನಿದ್ವು ಕಣಯ್ಯಾ. ಔಷಧಿ ಹಾಕೋವಾಗ ಮಾತ್ರ ಕೈ ಬಿಗಿ ಹಿಡೀಬೇಡ. ಅರ್ಧಂಬರ್ಧ ಹಾಕಿದ್ರೆ ರೋಗಕ್ಕೇ ಶಕ್ತಿ ಬರತ್ತೆ. ಅವರು ಒಂದು ಪಾಲು ಅಂದ್ರೆ ನೀನು ಎರಡು ಪಾಲು ಹಾಕು.”

“ಈಗ ಹೇಗಿವೆ ಸಾರ್ ನಿಮ್ಮ ಮೀನು?”

“ಈಗ ಎಲ್ಲಿವೆ?” ಎಂದು ಯಜಮಾನರು ಫೋನಿಟ್ಟರು.

ತಿರುಗಿ ಬಂದು ನೋಡಿದರೆ ತೊಟ್ಟಿಯ ನೀಲಿ ಅರ್ಧಕ್ಕರ್ಧ ಹಾರಿಹೋಗಿತ್ತು. ಅವನಿಗೆ ನಾಚಿಕೆಯಾಯಿತು. ಅವನು ಕಲೆಸಿದ ಬಣ್ಣ ಹೀಗೆ ಕಣ್ಣೆದುರೇ ಬಿಟ್ಟುಹೋದದ್ದು ಇದೇ ಮೊದಲು. ಮತ್ತೆ ಹನಿ ಬಿಟ್ಟ, ಯಜಮಾನರ ಪಾಲನ್ನೂ ಸೇರಿಸಿದ. ನೀರು ನೀಲಿಯಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ತೆಳುವಾಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತಿದೆಯೋ ತಿಳಿಯಲಿಲ್ಲ. ಆದರೆ ಮೀನಿನ ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಟೀಚರಮ್ಮ ಒಂದು ಬಟ್ಟಲು ಕಲ್ಲುಪ್ಪು ಹಿಡಿದುಕೊಂಡು ಬಂದರು. ಮಹಡಿಯಿಂದ ಕಾಂಪೌಂಡರು ಹೇಳಿದ ಸುದ್ದಿ ಗೋಡೆ ದಾಟಿ ಹೋಗಿತ್ತು.

“ಉಪ್ಪು ಹಾಕಪ್ಪ. ಸಮುದ್ರದಲ್ಲಿರೋ ಮೀನಿಗೆ ಯಾವತ್ತಾದ್ರೂ ಕಾಯಿಲೆ ಬಂದದ್ದು ಕೇಳಿದೀಯಾ?”

ಅವನು ಯೋಚಿಸಿದ. ಕೇಳಿರಲಿಲ್ಲ. ಉಪ್ಪು ಬಿತ್ತು.

ಟೀಚರಮ್ಮನ ಉಪ್ಪು ಬಿದ್ದದ್ದು ಕಾಂಪೌಂಡರಿಗೆ ಸಹಿಸಲಾಗಲಿಲ್ಲ. “ಉಪ್ಪಂತೆ ಉಪ್ಪು. ಅದೇನು ಅಡುಗೆನಾ?” ಎನ್ನುತ್ತ ಮೇಲೆ ಹೋಗಿ, ತಮ್ಮ ಹಲ್ಲುನೋವಿಗೆ ತಂದು ಉಳಿದಿದ್ದ ಮಾತ್ರೆಗಳನ್ನು ತಂದರು. ಕುಟ್ಟಿ ಪುಡಿ ಮಾಡಿ ನೀರಿಗೆ ಉದುರಿಸಿದರು. ಮೀನಿಗೆ ಹಲ್ಲೆಲ್ಲಿದೆ ಎಂದು ಟೀಚರಮ್ಮ ಕೇಳಿದರು. ಕಾಂಪೌಂಡರು ಆ ಮಾತನ್ನು ಅಲ್ಲೇ ಬಿಟ್ಟು ನೀರು ಸೋಸುವ ಫಿಲ್ಟರಿನ ಡಬ್ಬಿಯನ್ನೇ ಬಿಚ್ಚಿದರು. ಒಳಗೆ ಇದ್ದಿಲಿನ ಪೊಟ್ಟಣವಿತ್ತು. ನೀರು ತಿಳಿಯಾಗಿರಲೆಂದು ಮಾವ ಇಟ್ಟದ್ದು.

“ಇದೇ ಕಳ್ಳ! ಇಷ್ಟು ಹೊತ್ತು ನೀನು ಹಾಕಿದ ಔಷಧಿನೆಲ್ಲ ಕುಡಿದಿರೋದು ಇದು!”

ಮೊದಲ ಬಾರಿಗೆ ಅವರ ಮಾತು ನಿಜವಾಗಿತ್ತು. ಅವರ ನಿಜ ಅವರ ಸುಳ್ಳಿಗಿಂತ ಅಪಾಯಕಾರಿ ಎಂದು ತಿಳಿದದ್ದು ಆಮೇಲೆ. ಇದ್ದಿಲನ್ನು ಕಿತ್ತು ಎಸೆದರು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹೊಸದರ ಹಾಗೆ ಬೆಳ್ಳಗಾಗುವವರೆಗೆ ಉಜ್ಜಿ ತೊಳೆದರು. ಕುಡಿಯುವ ಕಳ್ಳ ಹೋದ ಮೇಲೆ ಇನ್ನು ಹಾಕಿದ್ದೆಲ್ಲ ನಿಲ್ಲುತ್ತದೆಂದು ಅಳಿಯ ಮತ್ತೊಂದು ಸಲ ಪೂರ್ತಿ ಪಾಲು ಹಾಕಿದ. ನಿಂತಿತು. ಮಕ್ಕಳ ಕೋಣೆ, ಆಸ್ಪತ್ರೆ, ಬಚ್ಚಲು ಎಲ್ಲ ದಾಟಿ ನೀರು ಪೆನ್ನಿನ ಶಾಯಿಯ ಹಾದಿ ಹಿಡಿಯಿತು. ಮೀನುಗಳು ಕಾಣದಾದವು.

ಆಮೇಲೆ ಕಂಡವು. ಐದೂ ಮೇಲಕ್ಕೆ ಬಂದು, ಬಾಯನ್ನು ನೀರಿನಿಂದ ಹೊರಗಿಟ್ಟು ಪಕಪಕ ತೆರೆಯುತ್ತ ಮುಚ್ಚುತ್ತ ನಿಂತವು.

“ಔಷಧಿ ಹಿಡೀತಿದೆ. ರೋಗ ಹೊರಗೆ ಬರೋವಾಗ ಹಾಗೇ” ಎಂದರು ಕಾಂಪೌಂಡರು.

“ಹಸಿವು ಪಾಪ. ತಿಂಡಿ ಹಾಕು” ಎಂದರು ಟೀಚರಮ್ಮ.

ಅಳಿಯನಿಗೆ ಎರಡೂ ಅಲ್ಲ ಅನ್ನಿಸಿತು. ಆ ಬಾಯಿಗಳು ಏನನ್ನೋ ಕೇಳುತ್ತಿದ್ದವು, ಕೇಳುತ್ತಿದ್ದದ್ದು ಔಷಧಿಯನ್ನಂತೂ ಅಲ್ಲ. ಆದರೆ ಕೈ ಮಾತ್ರ ತನ್ನಷ್ಟಕ್ಕೆ ಬಾಟಲಿಯ ಕಡೆ ಹೋಯಿತು. ಸುಮ್ಮನೆ ನಿಂತು ನೋಡುವುದಕ್ಕೆ ಬೇಕಾದ ಧೈರ್ಯ ಔಷಧಿ ಸುರಿಯುವುದಕ್ಕೆ ಬೇಡ.

“ರೀ! ಏನ್ ಮಾಡಿದೀರಿ ಇದು?”

ಹೆಂಡತಿ. ಮಧ್ಯಾಹ್ನ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು ಬಂದಿದ್ದಳು. ಅವನು ಚುಕ್ಕೆಯಿಂದ ಶುರು ಮಾಡಿ ನೀಲಿ, ಉಪ್ಪು, ಹಲ್ಲಿನ ಮಾತ್ರೆ, ಇದ್ದಿಲು ಎಂದು ಒಪ್ಪಿಸುತ್ತಾ ಹೋದ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ಬೇರೆ ಯಾವನೋ ತಲೆಕೆಟ್ಟವನ ಕತೆಯ ಹಾಗೆ ಕೇಳಿಸಿತು.

“ಅಪ್ಪ ಇದಕ್ಕೆ ಔಷಧಿ ಹಾಕಿದ್ದು ನಾನು ಒಂದು ಸಲಾನೂ ನೋಡಿಲ್ಲ. ವಾರಕ್ಕೊಂದ್ಸಲ ಸ್ವಲ್ಪ ನೀರು ತೆಗೀತಾರೆ, ಸ್ವಲ್ಪ ಹೊಸದು ಹಾಕ್ತಾರೆ. ಮುಗೀತು.”

“ಸರಿ, ಈಗ ಏನು ಹಾಕೋಣ ಹೇಳು.”

“ಏನೂ ಹಾಕ್ಬೇಡಿ! ತೆಗೀರಿ!”

ಕಾಂಪೌಂಡರಿಗೆ ಆಗ ಬಿಸಿಲಿಗೆ ಬಟ್ಟೆ ಹಾಕಿದ್ದು ನೆನಪಾಯಿತು, ಟೀಚರಮ್ಮನಿಗೆ ಒಲೆಯ ಮೇಲೆ ಹಾಲಿಟ್ಟದ್ದು. ಇಬ್ಬರೂ ಹೋದರು.

ಬಚ್ಚಲಲ್ಲಿ ಮಾವ ನಲ್ಲಿ ನೀರಿನ ಕ್ಲೋರಿನ್ ವಾಸನೆ ಹೋಗಲೆಂದು ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಿತ್ತು. ಅವನು ಅಷ್ಟನ್ನೂ ಒಮ್ಮೆಗೇ ಸುರಿಯಲು ಹೊರಟಾಗ ಹೆಂಡತಿ ಕೈ ಹಿಡಿದಳು. “ನಿಧಾನ. ಒಂದೇ ಸಲ ಎಲ್ಲ ಬದಲಿಸಿದ್ರೆ ಅದೂ ಪೆಟ್ಟೇ. ನಿಮಗೆ ಯಾವುದನ್ನೂ ಸ್ವಲ್ಪ ಮಾಡೋಕೆ ಬರಲ್ವಾ?” ಅವನು ಒಂದು ಚೊಂಬು ನೀಲಿ ತೆಗೆಯುವುದು, ಒಂದು ಚೊಂಬು ತಿಳಿ ಹಾಕುವುದು, ತುಸು ಹೊತ್ತು ಕೂರುವುದು. ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ಮೊಣಕೈವರೆಗೆ ಕೈ ನೀಲಿಯಾಯಿತು. ಬೆವರು ಒರೆಸಿಕೊಂಡಾಗ ಕಿವಿಯೂ ಆಯಿತು.

ನೀರು ಒಂದಿಷ್ಟು ತೆಳುವಾದಾಗ ಗುಮಾಸ್ತ ಕಂಡ. ಗಾಜಿನಿಂದ ಕಳಚಿ ತಳದ ಕಲ್ಲುಗಳ ಮೇಲೆ ಮಗುಚಿ ಬಿದ್ದಿದ್ದ. ಎತ್ತಿ ಅಂಗೈಯಲ್ಲಿಟ್ಟುಕೊಂಡರೆ ಜೀವವಿರಲಿಲ್ಲ. ಉಪ್ಪು ತಾಳುವ ಜೀವವಲ್ಲ ಅದು. ಅದಕ್ಕೆ ಚುಕ್ಕೆಯೂ ಇರಲಿಲ್ಲ, ರೋಗವೂ ಇರಲಿಲ್ಲ, ಯಾರ ತಂಟೆಗೂ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಒಂದು ಸಲವಾದರೂ ಅದರ ಕಡೆ ನೋಡಿದ್ದು ಅವನಿಗೆ ನೆನಪಿಗೆ ಬರಲಿಲ್ಲ. ಅವನಿಗೆ ನಿಜವಾಗಿಯೂ ಅಳು ಬಂತು. ತಾನು ಇಡೀ ದಿನ ಮಾಡಿದ್ದು ಮೀನಿನ ರೋಗಕ್ಕೆ ಮದ್ದಲ್ಲ, ಮಾವನ ಮುಂದೆ ಕೆಟ್ಟವನಾಗುವ ತನ್ನ ಹೆದರಿಕೆಗೆ ಮದ್ದು ಎಂದು ಆ ಹುಳವನ್ನು ಹಿಡಿದು ಕೂತಿದ್ದಾಗ ಅವನಿಗೆ ತಿಳಿಯಿತು. ಹೆದರಿಕೆ ಅವನದು, ಮದ್ದು ಕುಡಿದದ್ದು ಮೀನುಗಳು. ಹೆಂಡತಿ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕೂತಳು.

“ಕತ್ತರಿ ಇಟ್ಟ ಮೇಲೆ ಬಟ್ಟೆ ಬೆಳೆಯಲ್ಲ ರೀ. ಅದಕ್ಕೇ ನಾನು ಒಂದು ಅಳತೆಗೆ ಮೂರು ಸಲ ಟೇಪು ಹಿಡಿಯೋದು” ಎಂದಳು.

ಸಂಜೆಯ ಹೊತ್ತಿಗೆ ಮೀನುಗಳು ಮೇಲಿನಿಂದ ಇಳಿದು ಮಧ್ಯಕ್ಕೆ ಬಂದವು. ಬಾಯಿ ಪಕಪಕಿಸುವುದು ನಿಂತಿತು. ಒಂದು ಮೀನು ತಳದ ಕಲ್ಲನ್ನು ಮೂತಿಯಿಂದ ತಳ್ಳಿ ನೋಡಿತು. ಐದೂ ಬದುಕಿದ್ದವು. ಆದರೆ ಎಷ್ಟು ನೀರು ಬದಲಿಸಿದರೂ ನೀಲಿ ಪೂರ್ತಿ ಹೋಗಲಿಲ್ಲ. ಕಲ್ಲುಗಳು ಹೀರಿಕೊಂಡದ್ದನ್ನು ಮತ್ತೆ ಬಿಡುತ್ತಿದ್ದವು, ಗಾಜಿನ ಮೂಲೆಗಳ ಅಂಟಿಗೂ ಬಣ್ಣ ಹತ್ತಿತ್ತು. ಯಾವ ಕೋನದಿಂದ ನೋಡಿದರೂ ನೀಲಿಯೇ. ಇನ್ನೊಂದು ಚೊಂಬು ಎತ್ತುವಷ್ಟರಲ್ಲಿ ಬಾಗಿಲ ಮುಂದೆ ಟ್ಯಾಕ್ಸಿ ನಿಂತಿತು.

ಅತ್ತೆ ಮಾವನ ಕೈ ಹಿಡಿದು ಕರೆತಂದರು. ಮಾವ ದೊಡ್ಡ ಕಪ್ಪು ಕನ್ನಡಕ ಹಾಕಿದ್ದರು. ಟ್ಯಾಕ್ಸಿಯ ಸದ್ದಿಗೆ ಕಾಂಪೌಂಡರು ಇಳಿದರು, ಟೀಚರಮ್ಮ ಬಂದರು. ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಇಬ್ಬರೂ ತೊಟ್ಟಿಯ ಕಡೆ ಕಳ್ಳನೋಟ ಹಾಯಿಸಿದರು. ಅಳಿಯ ಅಂಗಿಯ ತೋಳು ಇಳಿಸಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತ.

“ಕೂತ್ಕೊಳ್ಳಿ, ಮೊದಲು ನೀರು ಕುಡೀರಿ” ಎಂದರು ಅತ್ತೆ.

“ಮೊದಲು ಮೀನು. ದಾರಿಯುದ್ದಕ್ಕೂ ಈ ಕನ್ನಡಕ ತೆಗೀದೇ ಬಂದಿದೀನಿ, ಹೊಸ ಕಣ್ಣಲ್ಲಿ ಮೊದಲು ನೋಡೋದು ಅವನ್ನೇ ಅಂತ.”

ಮಾವ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕಪ್ಪು ಕನ್ನಡಕ ತೆಗೆದರು.

“ಅಯ್ಯಯ್ಯೋ!” ಎಂದರು ಮಾವ.

ಅಳಿಯ ಕಣ್ಣು ಮುಚ್ಚಿಕೊಂಡ.

“ಡಾಕ್ಟರು ಹೇಳಿದ್ರು ಕಣೇ. ಪೊರೆ ತೆಗೆದ ಮೇಲೆ ನೀಲಿ ಬಣ್ಣ ಜೋರಾಗಿ ಕಾಣತ್ತೆ, ಗಾಬರಿ ಆಗ್ಬೇಡಿ ಅಂದಿದ್ರು. ನಾನು ನಂಬಿರ್ಲಿಲ್ಲ. ಇಷ್ಟು ವರ್ಷ ಈ ನೀರು ನಂಗೆ ಟೀ ಬಣ್ಣಕ್ಕೆ ಕಾಣ್ತಿತ್ತು. ನೀಲಿ ಅಂತ ಒಂದು ಇದೆ ಅನ್ನೋದೇ ಮರೆತುಹೋಗಿತ್ತು.” ಗಾಜಿನ ಮೇಲೆ ಬೆರಳಿಟ್ಟು ಮಗುವಿನ ಹಾಗೆ ನೋಡುತ್ತಾ ಕೂತರು. “ಮತ್ತೆ ಇದು ನೋಡು, ಗಂಡು ಮೀನಿನ ಕೆನ್ನೆ ಮೇಲೆ ಬಿಳಿ ಚುಕ್ಕೆ! ಮರಿ ಮಾಡೋ ಕಾಲ ಬಂದಾಗ ಹೀಗೆ ಏಳತ್ತೆ. ಮದುವೆ ಗಂಡಿನ ಹಾಗೆ ಅಲಂಕಾರ. ಹೋದ ವರ್ಷ ನಂಗೆ ಇದು ಕಾಣ್ಲೇ ಇಲ್ಲ.”

ಕಾಂಪೌಂಡರು ಕೆಮ್ಮಿದರು. ಮದುವೆ ಗಂಡಿಗೆ ಬೆಳಿಗ್ಗೆಯಿಂದ ಸಾಯುವ ರೋಗದ ಔಷಧಿ ಕುಡಿಸಿದೆವಲ್ಲ ಎಂದು ಅಳಿಯನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆದರೂ ಬೀಸೋ ದೊಣ್ಣೆ ತಪ್ಪಿತ್ತು. ನಾಳೆ ಬೆಳಿಗ್ಗೆ ಬಂದು ಇದ್ದಿಲು ಹಾಕಿದರೆ ನೀರು ಮೆಲ್ಲಗೆ ತಿಳಿಯಾಗುತ್ತದೆ. ಕಣ್ಣಿಗೆ ಅಭ್ಯಾಸವಾಯಿತು ಎಂದು ಮಾವ ಅಂದುಕೊಳ್ಳುತ್ತಾರೆ.

“ಮೀನು ಚೆನ್ನಾಗಿ ನೋಡ್ಕೊಂಡಿದೀರಿ ಅಳಿಯಂದಿರೇ” ಎಂದರು ಮಾವ.

ಇಷ್ಟು ವರ್ಷ ಕಾದಿದ್ದ ಮಾತು. ಬಂದದ್ದು ಇವತ್ತು, ಇಂಥ ದಿನ.

“ಹಾಗಾದ್ರೆ ಮುಂದಿನ ವಾರ ಇನ್ನೊಂದು ಕಣ್ಣೂ ಮಾಡಿಸಿಬಿಡೋಣ. ಹಣ್ಣಾಗಿರೋ ಪೊರೆ ಬಿಟ್ರೆ ಕಣ್ಣಿಗೇ ಅಪಾಯ ಅಂದಿದಾರಲ್ಲ” ಎಂದರು ಅತ್ತೆ. ಈ ಒಂದು ಕಣ್ಣಿಗೆ ಮಾವನನ್ನು ಒಪ್ಪಿಸಲು ಅವರು ಪಟ್ಟ ಪಾಡು ಬೀದಿಗೆಲ್ಲ ಗೊತ್ತಿತ್ತು.

“ಮಾಡಿಸೋಣ, ಮಾಡಿಸೋಣ. ಈ ಕಣ್ಣಿಗೆ ಆ ಕಣ್ಣಿಗೆ ವ್ಯತ್ಯಾಸ ಎಷ್ಟಿದೆ ನೋಡ್ತೀನಿ ತಡಿ” ಎಂದರು ಮಾವ. ಆಯುಷ್ಯವೆಲ್ಲ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗಡಿಯಾರ ನೋಡಿದ ಮನುಷ್ಯ. ಹೊಸ ಕಣ್ಣನ್ನು ಅಂಗೈಯಿಂದ ಮರೆಮಾಡಿ, ಹಳೇ ಕಣ್ಣಿನಲ್ಲಿ ತೊಟ್ಟಿಯನ್ನು ನೋಡಿದರು. ತೆಗೆದರು. ಮತ್ತೆ ಮುಚ್ಚಿದರು.

“ಇದ್ರಲ್ಲೂ ನೀಲಿ!”

“ಆಂ?” ಎಂದರು ಅತ್ತೆ.

“ಸ್ವಲ್ಪ ಮಂಜು, ಆದ್ರೆ ನೀಲಿ ಕಣೇ, ನೀಲಿ! ಅಂದ್ರೆ ಒಂದು ಮಾಡಿಸಿದ್ದಕ್ಕೇ ಇನ್ನೊಂದೂ ದಾರಿಗೆ ಬಂದಿದೆ. ಇನ್ನು ಅದನ್ನ ಯಾಕೆ ಕೊಯ್ಯಿಸಲಿ? ಫೋನ್ ಮಾಡಿ ಬೇಡ ಅಂತ ಹೇಳಿಬಿಡು.”

ಅತ್ತೆಯ ಮುಖ ಇಳಿದುಹೋಯಿತು. ಹಾಗೆಲ್ಲ ಆಗಲ್ಲ ಎಂದರು, ಡಾಕ್ಟರನ್ನು ಕೇಳೋಣ ಎಂದರು. ಮಾವ ಕೇಳುವವರಲ್ಲ. ಕಣ್ಣಾರೆ ಕಂಡದ್ದಕ್ಕಿಂತ ಡಾಕ್ಟರು ಹೆಚ್ಚೇ ಎಂದು ಕೇಳಿದರು. ಕಾಂಪೌಂಡರು, “ಇರಬಹುದು, ನರ ಎಲ್ಲ ಒಂದೇ ಅಲ್ವಾ” ಎಂದು ತಲೆಯಾಡಿಸಿದರು. ಹೆಂಡತಿ ಗಂಡನ ಮುಖ ನೋಡಿದಳು, ಅಷ್ಟೇ.

ಬಾಯಲ್ಲಿ ಬಿಸಿ ತುಪ್ಪ. ನುಂಗಿದರೆ ಮಾವನ ಕಣ್ಣು ಹೋಗುತ್ತದೆ, ಉಗುಳಿದರೆ ಈಗಷ್ಟೇ ಸಿಕ್ಕ ಮಾತು ಹೋಗುತ್ತದೆ. ಮೀನಿನ ಜೀವದ ಜೊತೆ ಆಡಿದ್ದು ಸಾಕು, ಮನುಷ್ಯರ ಕಣ್ಣಿನ ಜೊತೆ ಬೇಡ ಎಂದುಕೊಂಡು ಅಳಿಯ ಮುಂದೆ ಬಂದು, ಹಿಂದೆ ಕಟ್ಟಿದ್ದ ಕೈಗಳನ್ನು ಚಾಚಿದ. ಬೆರಳ ತುದಿಯಿಂದ ಮೊಣಕೈವರೆಗೆ ನೀಲಿ.

“ಮಾವಾ, ನೀಲಿ ಇರೋದು ನಿಮ್ಮ ಕಣ್ಣಲ್ಲಲ್ಲ, ನೀರಲ್ಲಿ. ಚುಕ್ಕೆ ನೋಡಿ ರೋಗ ಅಂದ್ಕೊಂಡೆ. ಬಾಟ್ಲಿಗಟ್ಟಲೆ ಔಷಧಿ ಸುರಿದೆ. ಉಪ್ಪು ಹಾಕಿದೆ. ಫಿಲ್ಟರ್ ಕೆಡಿಸಿದೆ. ಗುಮಾಸ್ತ... ಗುಮಾಸ್ತ ಹೋದ, ಮಾವ.”

ಮಾವ ಗುಮಾಸ್ತ ಇರುತ್ತಿದ್ದ ಗಾಜಿನ ಮೂಲೆಯನ್ನೇ ನೋಡಿದರು.

“ಉಪ್ಪು ಹಾಕು ಅಂತ ಯಾರು ಹೇಳಿದ್ದು?”

ಟೀಚರಮ್ಮ ಕಿಟಕಿಯ ಹೊರಗೆ ನೋಡಿದರು. ಕಾಂಪೌಂಡರು ಸೂರು ನೋಡಿದರು.

“ಹಾಕಿದ್ದು ನಾನು” ಎಂದ ಅಳಿಯ.

“ಅಂದ್ರೆ, ಈ ನೀಲಿ ಬಾಟ್ಲಿದು.”

“ಹೌದು.”

“ಎರಡು ಕಣ್ಣಿಗೂ ಕಂಡಿದ್ದು ಅದೇ ನೀಲಿ.”

“ಹೌದು ಮಾವ.”

“ಹಾಗಾದ್ರೆ ಆಪರೇಷನ್ನಿಂದ ಆಗಿದ್ದೇನು? ಏನೂ ಇಲ್ಲ! ಏನೂ ಆಗದೇ ಇರೋದನ್ನ ಇನ್ನೊಂದು ಕಣ್ಣಿಗೆ ಯಾಕೆ ಮಾಡಿಸ್ಲಿ?”

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು. ಅಪ್ಪನನ್ನು ಬಿಟ್ಟು ಗಂಡನ ಕಡೆ ತಿರುಗಿದ ಹೆಂಡತಿಯ ನೋಟದಲ್ಲಿ, ಇದೇನಾ ನೀವು ಸರಿಮಾಡಿದ್ದು ಎಂಬ ಪ್ರಶ್ನೆಯಿತ್ತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಾವ ಕೈಯೆತ್ತಿ ನಿಲ್ಲಿಸಿದರು.

“ಯಾರೂ ಮಾತಾಡ್ಬೇಡಿ. ಡಾಕ್ಟರು ತಮ್ಮ ಕೆಲಸ ಚೆನ್ನಾಗಾಗಿದೆ ಅಂತಾನೇ ಅಂತಾರೆ. ಇವಳು ನಾನು ಹಠ ಮಾಡಬಾರ್ದು ಅಂತ ಎಲ್ಲದಕ್ಕೂ ಚೆನ್ನಾಗಿದೆ ಅಂತಾಳೆ. ಮಹಡಿಯವರು ಬಾಡಿಗೆ ಏರಿಸ್ಬಾರ್ದು ಅಂತ ಹೂಂ ಅಂತಾರೆ. ತನಗೆ ನಷ್ಟ ಆಗೋ ಮಾತನ್ನ ಈ ಮನೇಲಿ ಹೇಳಿದವನು ನೀನೊಬ್ಬನೇ.”

ಅಳಿಯ ಸುತ್ತ ನೋಡಿದ. ನೀನು ಎಂದದ್ದು ತನಗೇ. ಮಾವ ಅವನನ್ನು ಬ್ಯಾಂಕಿನವರ ಸಾಲಿನಿಂದ ಮನೆಯವರ ಸಾಲಿಗೆ ಎಳೆದುಕೊಂಡಿದ್ದರು. ಎದೆ ತುಂಬಿ ಬಂತು.

“ಈಗ ನೀನೇ ಹೇಳು. ಇನ್ನೊಂದು ಕಣ್ಣು ಮಾಡಿಸ್ಲಾ, ಬೇಡ್ವಾ? ನೀನು ಹೇಳಿದ ಹಾಗೆ ಮಾಡ್ತೀನಿ.”

ತುಂಬಿ ಬಂದ ಎದೆ ಹಾಗೇ ನಿಂತುಹೋಯಿತು. ಅವನು ಕಾಂಪೌಂಡರ ಕಡೆ ನೋಡಿದ, ಟೀಚರಮ್ಮನ ಕಡೆ ನೋಡಿದ. ಬೆಳಿಗ್ಗೆಯಿಂದ ಒಂದು ಪ್ರಶ್ನೆಗೆ ಹತ್ತು ಉತ್ತರ ಕೊಟ್ಟವರ ಹತ್ತಿರ ಈಗ ಒಂದೂ ಇರಲಿಲ್ಲ. ಬೇರೆಯವರ ಮೀನಿಗೆ ಮದ್ದು ಹೇಳುವುದು ಎಷ್ಟು ಸುಲಭ!

“ಮಾಡಿಸಿ ಮಾವ” ಎಂದ.

“ಸರಿ, ಮಾಡಿಸ್ತೀನಿ.” ಅತ್ತೆಯ ಮುಖ ಅರಳಿತು. “ಆದ್ರೆ ಒಂದು ಮಾತು. ನಾಳೆ ಹೆಚ್ಚುಕಮ್ಮಿ ಆಯ್ತು ಅಂದ್ರೆ ನಾನು ಡಾಕ್ಟರ ಹತ್ರ ಹೋಗಲ್ಲ. ನಿನ್ನ ಹತ್ರ ಬರ್ತೀನಿ.”

ಮಾವ ಕುರ್ಚಿಗೆ ತಲೆ ಆನಿಸಿ, ಜೇಬಿನಿಂದ ಕಣ್ಣಿನ ಹನಿಯ ಪುಟ್ಟ ಬಾಟಲಿ ತೆಗೆದು ಅವನ ಕಡೆ ಚಾಚಿದರು. “ಹೊತ್ತಾಯ್ತು. ನೀನೇ ಹಾಕು.”

“ಎಷ್ಟು ಹನಿ?” ಎಂದು ಅವನು ಕೇಳಿದ್ದೇ ತಡ, ಹೆಂಡತಿ, ಅತ್ತೆ, ಕಾಂಪೌಂಡರು, ಟೀಚರಮ್ಮ ನಾಲ್ವರೂ ಒಟ್ಟಿಗೆ ಕೂಗಿದರು, “ಒಂದೇ ಒಂದು!”

ಅವನು ಬಗ್ಗಿದ. ಬಾಟಲಿ ಒತ್ತಿದ. ಹನಿ ಕಣ್ಣು ತಪ್ಪಿ ಮಾವನ ಮೂಗಿನ ಮೇಲೆ ಬಿದ್ದು ಜಾರಿತು.

“ಬಿತ್ತಾ?” ಎಂದರು ಮಾವ.

ಇನ್ನೊಂದು ಹಾಕಿದರೆ ಹೆಚ್ಚಾದೀತೇ, ಹಾಕದಿದ್ದರೆ ಕಡಿಮೆಯಾದೀತೇ ಎಂದು ಅವನು ಕೋಣೆಯಲ್ಲಿದ್ದವರ ಮುಖ ಮುಖ ನೋಡಿದ.

“ಇಲ್ಲ ಮಾವ. ಮೂಗಿನ ಮೇಲೆ ಬಿತ್ತು.”

ಮಾವ ಕಣ್ಣು ಮುಚ್ಚಿಕೊಂಡೇ ತೃಪ್ತಿಯಿಂದ ತಲೆಯಾಡಿಸಿದರು. “ನೋಡಿದ್ರಾ? ಸುಳ್ಳು ಅನ್ನೋದೇ ಗೊತ್ತಿಲ್ಲ ಇವನಿಗೆ. ನಾಳೆಯಿಂದ ದಿನಾ ನಾಲ್ಕು ಹೊತ್ತೂ ಇವನೇ ಬಂದು ಹಾಕ್ಲಿ.”